ಕೇಜನ್ ಅಜ್ಜಿಯ ಸುಟ್ಟ ತೋಳು

ಕಾದ ಕಾವಲಿಗೆ ನೀರು ಚಿಮುಕಿಸುವ ಶಬ್ದ ಕೇಳಿದರೆ ನಾನು ಈಗಲೂ ಅಡುಗೆಮನೆಯಿಂದ ಹೊರಗೆ ಬರುತ್ತೇನೆ. ನಮ್ಮ ಮನೆಯಲ್ಲಿ ದೋಸೆ ಹುಯ್ಯುವುದು ಈಗ ನನ್ನ ಗಂಡ. ಅವರು ಕಾವಲಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ, ಅದೂ ನಾನು ಹಾಲ್‌ನಲ್ಲಿ ಟಿ.ವಿ. ಜೋರಾಗಿ ಹಾಕಿಕೊಂಡ ಮೇಲೆ. ಯಾಕೆ ಎಂದು ಮಗಳು ಕೇಳಿದಾಗ ಅಮ್ಮನಿಗೆ ಆ ಹೊಗೆ ಆಗುವುದಿಲ್ಲ ಎಂದಿದ್ದೇವೆ.

ನಾವು ನಾಲ್ವರು ಹೆಂಗಸರು ಬಹರೇನಿನಲ್ಲಿ ಒಟ್ಟಿಗೆ ಪುಸ್ತಕ ಓದುತ್ತಿದ್ದೆವು. ಉಮ್ ಅಲ್ ಹಸ್ಸಮ್‌ನಲ್ಲಿ ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿದ್ದ ಅಕ್ಕ ನಮ್ಮೆಲ್ಲರಿಗಿಂತ ಹಿರಿಯರು, ಉಳ್ಳಾಲದ ಕಡೆಯ ಬ್ಯಾರಿ ಮನೆತನದವರು. ಅವರ ಗಂಡನಿಗೆ ಟುಬ್ಲಿಯಲ್ಲಿ ಗ್ಯಾರೇಜು. ಇನ್ನೊಬ್ಬಳು ಬೆಂಗಳೂರಿನವಳು. ಗಂಡ ಎಣ್ಣೆ ಕಂಪನಿಯ ಎಂಜಿನಿಯರ್ ಆದ್ದರಿಂದ ಅವಾಲಿಯಲ್ಲಿ, ಹುಲ್ಲುಹಾಸು ಇರುವ ಮನೆಯಲ್ಲಿ ಇರುತ್ತಾಳೆ. ಮೂರನೆಯವಳು ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ ನರ್ಸ್. ನಾನು ದಾವಣಗೆರೆಯವಳು, ಇಂಗ್ಲಿಷ್ ಎಂ.ಎ. ಮಾಡಿ ಇಲ್ಲಿ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಓದಿದ್ದಕ್ಕೂ ಮಾಡುವುದಕ್ಕೂ ಸಂಬಂಧವಿಲ್ಲದವಳು ಎಂದು ಅಕ್ಕ ನನ್ನನ್ನು 'ಟೀಚರೇ' ಎಂದು ಕರೆದು ಛೇಡಿಸುತ್ತಿದ್ದರು.

ನಮ್ಮಲ್ಲಿ ಎರಡು ನಿಯಮ. ಒಂದು ಅಧ್ಯಾಯ ಮುಗಿದ ಕೂಡಲೇ, ಮನಸ್ಸು ತಣ್ಣಗಾಗುವ ಮೊದಲು, ಅನ್ನಿಸಿದ್ದನ್ನು ವಾಟ್ಸಾಪಿನಲ್ಲಿ ಬಾಯಿಮಾತಿನಲ್ಲೇ ಕಳಿಸಬೇಕು. ಮತ್ತೆ, ಯಾರೂ ಉಳಿದವರಿಗಿಂತ ಮುಂದೆ ಓದಬಾರದು. ಎರಡನೆಯ ನಿಯಮ ಅಕ್ಕನಿಗಾಗಿ. ಅವರು ಪಿಯುಸಿ ನಡುವೆ ಬಿಟ್ಟು ಮದುವೆಯಾದವರು. ಬಲಗೈಯ ತೋರುಬೆರಳನ್ನು ಸಾಲಿನ ಕೆಳಗೆ ಇಟ್ಟು, ತುಟಿ ಅಲ್ಲಾಡಿಸುತ್ತ ಇಂಗ್ಲಿಷ್ ಓದುತ್ತಿದ್ದರು. ಇಡೀ ಇಂಗ್ಲಿಷ್ ಕಾದಂಬರಿಯೊಂದನ್ನು ಅವರು ಅದುವರೆಗೆ ಕೊನೆಯತನಕ ಓದಿರಲಿಲ್ಲ. ಈ ಸಲ ಹಿಡಿದ ಪುಸ್ತಕವನ್ನು ಓದಿ ಮುಗಿಸಿಯೇ ಸಿದ್ಧ ಎಂದು ಹೊರಟಿದ್ದರು.

ಆ ಪುಸ್ತಕ ಅವಾಲಿಯವಳು ಯಾರೋ ಊರು ಬಿಟ್ಟು ಹೋಗುವವರಿಂದ ತಂದದ್ದು. ಮತ್ತೆ ಮೂರು ಪ್ರತಿ ತರಿಸಿಕೊಂಡೆವು. ಅಮೆರಿಕದ ದಕ್ಷಿಣದಲ್ಲಿ, ಜೌಗು ನೀರಿನ ನಡುವೆ ಬದುಕುವ ಕೇಜನ್ ಎಂಬ ಜನರ ಕತೆ. ಅವರ ಪೂರ್ವಜರು ಫ್ರೆಂಚ್ ಮಾತಾಡುತ್ತಿದ್ದವರಂತೆ. ಹುಡುಗಿಗೆ ಅಜ್ಜ ಬಿಟ್ಟುಹೋದ ಸಿಗಡಿ ದೋಣಿ, ಪೇಟೆಯಿಂದ ಬಂದ ವಿಮೆ ಕಂಪನಿಯ ಹುಡುಗ, ಕಂಬಗಳ ಮೇಲೆ ನಿಂತ ಮನೆಯ ಅಡಿಯಲ್ಲಿ ವಾಸಿಸುವ ಮುದಿ ಮೊಸಳೆ, ಯಾರ ಪ್ರೀತಿಯನ್ನೂ ಒಪ್ಪದ ಅಜ್ಜಿ. ಮೊದಲ ಪುಟದಿಂದಲೇ ನಗಿಸುವ ಬರವಣಿಗೆ.

ಅಕ್ಕನ ಮೊದಲ ಪ್ರತಿಕ್ರಿಯೆ ನನಗೆ ಬಾಯಿಪಾಠ. "ಇದು ಅಮೆರಿಕ ಅಂತ ಯಾರು ಹೇಳಿದ್ದು ಮಾರಾಯ್ತಿ? ಇದು ನಮ್ಮ ಉಳ್ಳಾಲ. ಸಿಗಡಿ ಉಂಟು, ಏಡಿ ಉಂಟು, ಮೂರು ಹೊತ್ತು ಅನ್ನ ಉಂಟು. ಮೊಸಳೆ ಒಂದು ಇಲ್ಲ. ಅದರ ಬದಲಿಗೆ ನನ್ನ ನಾದಿನಿ ಇದ್ದಾಳೆ."

ಊಟದ ಹೊತ್ತಿಗೆ ಸರಿಯಾಗಿ ದೋಣಿಯಲ್ಲಿ ಬಂದಿಳಿಯುವ ಪಾದ್ರಿಯ ಬಗ್ಗೆ ನರ್ಸ್ ಹೇಳಿದ್ದು: "ಅವರಿಗೆ ಯಾವ ಮನೆಯಲ್ಲಿ ಎಂತ ಬೇಯ್ತಾ ಉಂಟು ಅಂತ ವಾಸನೆಯಲ್ಲೇ ಗೊತ್ತಾಗ್ತದೆ. ನಮ್ಮ ಊರಲ್ಲೂ ಒಬ್ಬರು ಇದ್ರು. ಹಂದಿ ಮಾಂಸದ ದಿನ ತಪ್ಪಿಸ್ತಿರಲಿಲ್ಲ."

ಅವಾಲಿಯವಳು ಹೆಚ್ಚಾಗಿ ನಗುವನ್ನೇ ಕಳಿಸುತ್ತಿದ್ದಳು. ನಡುವೆ ಉಸಿರು ಸಿಕ್ಕಿದರೆ ಒಂದು ಮಾತು. "ಹೀರೋ ವೇಸ್ಟ್ ಕಣೇ. ಅಜ್ಜೀನೇ ಸಖತ್."

ಅಜ್ಜಿಯ ಎಡತೋಳಿನಲ್ಲಿ ಮಣಿಕಟ್ಟಿನಿಂದ ಮೊಣಕೈಯವರೆಗೆ ಸುಟ್ಟ ಕಲೆಗಳಿದ್ದವು. ಕೇಜನ್ ಅಡುಗೆಯ ಬುನಾದಿಯೇ ಎಣ್ಣೆಯಲ್ಲಿ ಮೈದಾ ಹುರಿಯುವುದು. ಹಳೆಯ ತಾಮ್ರದ ಬಣ್ಣ ಬರುವತನಕ ಕೈ ತೆಗೆಯದೆ ತಿರುವುತ್ತಿರಬೇಕು. ಅದು ಸಿಡಿದರೆ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಅಜ್ಜಿ ಒಂದೊಂದು ಕಲೆಗೂ ಒಬ್ಬೊಬ್ಬ ಅಳಿಯನ ಹೆಸರಿಟ್ಟಿದ್ದಳು, ಅವನಿಂದಾಗಿ ಗಮನ ತಪ್ಪಿ ಆದದ್ದು ಎಂದು. ಆ ಪುಟಕ್ಕೆ ನಾವೆಲ್ಲ ಎಷ್ಟು ನಕ್ಕೆವೆಂದರೆ, ಆ ಅಜ್ಜಿಯ ಅಳಿಯಂದಿರನ್ನು ಬೈಯುವುದು ನಮ್ಮ ಗುಂಪಿನ ಚಾಳಿಯಾಯಿತು. ಸಾರು ಉಕ್ಕಿದರೆ, ಟ್ಯಾಕ್ಸಿ ತಡವಾದರೆ, ಎಲ್ಲಕ್ಕೂ ಮೂರನೇ ಅಳಿಯ ಕಾರಣ.

ಮುಂದೆ ಹುಡುಗ ಮದುವೆಗೆ ಕೇಳುತ್ತಾನೆ. ಅಜ್ಜಿ ಅವನ ಕೈಗೆ ಸೌಟು ಕೊಟ್ಟು ಹಿಟ್ಟು ಹುರಿಯಲು ನಿಲ್ಲಿಸುತ್ತಾಳೆ. ಕೈ ತೆಗೆದರೆ ಹುಡುಗಿ ಇಲ್ಲ. ಅಧ್ಯಾಯ ಅಲ್ಲಿಗೆ ನಿಂತಿತ್ತು. ಮುಂದಿನದನ್ನು ಅಕ್ಕನ ಮನೆಯಲ್ಲಿ ಒಟ್ಟಿಗೆ ಕೂತು ಓದೋಣ, ಪುಸ್ತಕದ ಆ ಸಿಗಡಿ ಸಾರನ್ನೂ ಮಾಡಿ ನೋಡೋಣ ಎಂದು ನಿಶ್ಚಯವಾಯಿತು. ಹೇಳಿದವರು ಅಕ್ಕನೇ. "ನನಗೆ ಹುಡುಗಿ ಬೇಡ. ಸಾರಿನ ರುಚಿ ನೋಡಿದ್ರೆ ಸಾಕು."

ಕಡು ಬೇಸಿಗೆಯ ಒಂದು ಶುಕ್ರವಾರ. ಅಕ್ಕನ ಗಂಡ ಜುಮ್ಮಾ ನಮಾಜಿಗೆ ಹೋಗಿದ್ದರು. ನರ್ಸಿಗೆ ಡ್ಯೂಟಿ ಇತ್ತು. ಅಕ್ಕ ಒಲೆಯ ಮುಂದೆ, ಅವಾಲಿಯವಳು ಸಿಂಕಿನ ಹತ್ತಿರ ಸಿಗಡಿ ಸುಲಿಯುತ್ತ, ನಾನು ಬಾಗಿಲಿಗೆ ಒರಗಿ ಗಟ್ಟಿಯಾಗಿ ಓದುತ್ತ. ಹುಡುಗ ಬೆವರುತ್ತ ಹಿಟ್ಟು ತಿರುವುತ್ತಾನೆ. ಮನೆಯ ಅಡಿಯಿಂದ ಮೊಸಳೆ ಹೊರಬಂದು ಅಜ್ಜಿಯ ಕೋಳಿಯ ಕಡೆ ನಡೆಯುತ್ತದೆ. ಅವನು ಕಿಟಕಿಯಲ್ಲಿ ಇಣುಕುತ್ತಾನೆ. ಅವಾಲಿಯವಳು ನಗುತ್ತ ಸಿಂಕಿನ ಅಂಚು ಹಿಡಿದುಕೊಂಡಿದ್ದಳು. ಅಕ್ಕನೂ ನನ್ನ ಕಡೆ ತಿರುಗಿ ನಗುತ್ತಿದ್ದರು. ಸೌಟು ತಿರುಗುತ್ತಲೇ ಇತ್ತು.

ಆಮೇಲೆ ಸೀದ ವಾಸನೆ. ಅಕ್ಕ ತಿರುಗಿ ನೋಡಿದರು. ಬಾಣಲೆಯಿಂದ ದಟ್ಟ ಹೊಗೆ. ಅವರು ಏನನ್ನೂ ಯೋಚಿಸಲಿಲ್ಲ. ಕಾವಲಿ ಹೆಚ್ಚು ಕಾದಾಗ ನಮ್ಮ ಕಡೆಯ ಯಾವ ಹೆಂಗಸಾದರೂ ಮಾಡುವುದನ್ನೇ ಮಾಡಿದರು. ಪಕ್ಕದ ಪಾತ್ರೆಗೆ ಕೈ ಅದ್ದಿ ನೀರು ಎರಚಿದರು.

ಆ ಶಬ್ದವನ್ನು ಬರೆಯಲು ನನಗೆ ಬರುವುದಿಲ್ಲ. ಬಾಣಲೆಯ ಮೇಲೆ ಬೆಂಕಿ ಎದ್ದು ಮೇಲಿನ ಕಪಾಟನ್ನು ಮುಟ್ಟಿತು. ಕಂದು ಹಿಟ್ಟು ಅಕ್ಕನ ಬಲಗೈ ಮೇಲೆ, ತೋಳಿನ ಮೇಲೆ ಬಿದ್ದು ಅಲ್ಲೇ ಅಂಟಿಕೊಂಡಿತು. ಒಲೆಯ ಕೆಳಗೆ, ಪರದೆಯ ಹಿಂದೆ ಗ್ಯಾಸ್ ಸಿಲಿಂಡರು. ಪರದೆಯ ತುದಿ ಹೊತ್ತಿಕೊಂಡಿತ್ತು. ಈಗಲೂ ನನಗೆ ಕಾಣುವುದು ಅಕ್ಕ ಕೆಳಗೆ ಬಗ್ಗುತ್ತಿರುವುದು. ಉರಿಯುವ ಪರದೆಯ ಒಳಗೆ ಎಡಗೈ ಹಾಕಿ ಅವರು ಸಿಲಿಂಡರಿನ ಗುಂಡಿ ತಿರುಗಿಸಿದರು. ಅವಾಲಿಯವಳು ಬಿರಿಯಾನಿ ಹಂಡೆಯ ಮುಚ್ಚಳವನ್ನು ಬಾಣಲೆಯ ಮೇಲೆ ಕವುಚಿ, ಪರದೆಯನ್ನು ಕಿತ್ತು ತುಳಿದಳು. ನಾನು ಅಕ್ಕನನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ಅವರ ಕೈಯನ್ನು ನೀಲಿ ಗುರುತಿನ ನಲ್ಲಿಯ ಕೆಳಗೆ ಹಿಡಿದೆ.

ಅಕ್ಕ ಅದುವರೆಗೆ ಕೂಗಿರಲಿಲ್ಲ. ಆಗ ಕೂಗಿದರು. ಬೇಸಿಗೆಯಲ್ಲಿ ಇಲ್ಲಿ ತಾರಸಿಯ ಟ್ಯಾಂಕಿನ ನೀರು ಸುಡುತ್ತಿರುತ್ತದೆ. ಅದಕ್ಕೇ ಎಲ್ಲರೂ ಗೀಸರ್ ಆರಿಸಿಡುತ್ತೇವೆ, ಅದರೊಳಗೆ ನಿಂತ ನೀರು ಏಸಿಗೆ ತಣಿದಿರುತ್ತದೆ. ತಣ್ಣೀರು ಬೇಕಾದರೆ ತಿರುಗಿಸಬೇಕಾದ್ದು ಕೆಂಪು ನಲ್ಲಿ. ದಿನಾ ಮುಖ ತೊಳೆಯುವಾಗ ನನ್ನ ಕೈಗೆ ಗೊತ್ತಿದ್ದ ವಿಷಯ.

"ಕೆಂಪು, ಟೀಚರೇ," ಅಂದರು ಅಕ್ಕ. "ಕೆಂಪು ತಿರುಗಿಸು."

ಆಸ್ಪತ್ರೆಯಲ್ಲಿ ತೊಡೆಯ ಚರ್ಮ ತೆಗೆದು ಕೈಗೆ ಹಾಕಿದರು. ಗಾಯ ಒಣಗುತ್ತದೆ, ಬೆರಳುಗಳು ಮೊದಲಿನ ಹಾಗೆ ಮಡಚುವುದು ಕಷ್ಟ ಎಂದು ನಮ್ಮ ಗುಂಪಿನ ನರ್ಸ್ ನನ್ನನ್ನು ಲಿಫ್ಟಿನ ಹತ್ತಿರ ಕರೆದು ಹೇಳಿದಳು. ಅಕ್ಕನನ್ನು ಊರಿಗೆ ತಂಗಿಯ ಮನೆಗೆ ಕಳಿಸುವುದೆಂದು ಅವರ ಗಂಡ ತೀರ್ಮಾನಿಸಿದರು. ಪ್ರಯಾಣ ಮಾಡಬಹುದು ಎಂದು ಡಾಕ್ಟರ್ ಹೇಳಿದ ಮೇಲೆ ಟಿಕೆಟ್ ಆಯಿತು.

ನಾನು ಹೋದಾಗಲೆಲ್ಲ ಅಕ್ಕ ಕೇಳುತ್ತಿದ್ದದ್ದು ಒಂದೇ. "ಪುಸ್ತಕ ತಂದಿದ್ದೀಯಾ? ಹೋಗುವ ಮೊದಲು ಮುಗಿಸ್ಬೇಕು. ಅಲ್ಲಿ ತಂಗಿಯ ಮನೆಯಲ್ಲಿ ಯಾರು ಓದಿ ಹೇಳುದು ನನಗೆ?"

ನಾನು ತರುತ್ತಿರಲಿಲ್ಲ. ಮರೆತೆ, ಆಫೀಸಿನಿಂದ ನೇರ ಬಂದೆ, ನಾಳೆ ತರುತ್ತೇನೆ. ಯಾಕೆಂದರೆ ಆ ಶುಕ್ರವಾರದ ನಂತರ ನಿದ್ದೆ ಬಾರದೆ ನಾನು ಮುಂದಿನ ಪುಟ ತಿರುವಿದ್ದೆ. ಹುಡುಗ ಮೊಸಳೆಯ ಹಿಂದೆ ಓಡಿ ಮರಳಿ ಬರುವಷ್ಟರಲ್ಲಿ ಹಿಟ್ಟು ಹೊಗೆಯಾಡುತ್ತಿರುತ್ತದೆ. ಅವನು ಅದಕ್ಕೆ ನೀರು ಹಾಕುತ್ತಾನೆ. ಬೆಂಕಿ ಏಳುತ್ತದೆ. ಬಾಣಲೆಯನ್ನು ಕಿಟಕಿಯಾಚೆ ಎಸೆಯುತ್ತಾನೆ, ಅದು ಪಾದ್ರಿಯ ದೋಣಿಗೆ ಬೀಳುತ್ತದೆ. ಇಡೀ ಪುಸ್ತಕದಲ್ಲಿ ಅತಿ ಹೆಚ್ಚು ನಗಿಸುವ ಪುಟ ಅದು. ನಾನು ಓದುತ್ತಿದ್ದ ಸಾಲಿಗೂ ಅವನು ನೀರು ಹಾಕುವ ಸಾಲಿಗೂ ನಡುವೆ ಒಂದು ಚಿಕ್ಕ ಪ್ಯಾರಾ ಮಾತ್ರ ಇತ್ತು.

ಅವಾಲಿಯವಳಿಗೆ ಫೋನಿನಲ್ಲಿ ಹೇಳಿದೆ. "ಆ ಪುಟ ಬಿಟ್ಟುಬಿಡು ಕಣೇ," ಅಂದಳು. "ಪ್ಲೀಸ್. ಮದುವೆ ಚಾಪ್ಟರ್ ಓದಿಬಿಡು, ಸಾಕು." ಫೋನ್ ಇಡುವ ಮೊದಲು, "ನನ್ನ ಪ್ರತಿ ನಾನು ಕಸಕ್ಕೆ ಹಾಕಿದೆ," ಅಂದಳು.

ವಿಮಾನದ ಹಿಂದಿನ ದಿನ ಮಧ್ಯಾಹ್ನ ಪುಸ್ತಕ ತೆಗೆದುಕೊಂಡು ಮೇಲೆ ಹೋದೆ. ಅಡುಗೆಮನೆಗೆ ಹೊಸ ಬಣ್ಣ ಬಳಿದಿದ್ದರು. ಅಕ್ಕ ಸೋಫಾದಲ್ಲಿ ಬಲಗೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ಕೂತಿದ್ದರು. ಬಟ್ಟೆ ಸುತ್ತಿದ ಕೈಯಲ್ಲಿ ಬೆರಳ ತುದಿಗಳಷ್ಟೇ ಕಾಣುತ್ತಿದ್ದವು. ನಾನು ಮದುವೆಯ ಅಧ್ಯಾಯ ತೆರೆದು ಓದತೊಡಗಿದೆ.

"ತಡಿ," ಅಂದರು ಅಕ್ಕ. "ಅವನು ಹಿಟ್ಟು ತಿರುಗಿಸ್ತಾ ಇದ್ದ. ಮೊಸಳೆ ಬಂತು. ಅಲ್ಲಿ ಬಿಟ್ಟದ್ದು ನಾವು."

"ಅದು ಬೇಡ ಅಕ್ಕ."

"ಯಾಕೆ ಬೇಡ? ನಡುವೆ ಬಿಟ್ಟು ಮದುವೆಗೆ ಹಾರಿದ್ರೆ ಮುಗಿಸಿದ ಹಾಗೆ ಆಗ್ತದಾ? ಓದು."

ಓದಿದೆ. ನೀರು ಹಾಕುವ ಸಾಲು ಬಂತು. ನಾನು ತಲೆ ಎತ್ತದೆ, ಬಾಣಲೆ ಪಾದ್ರಿಯ ದೋಣಿಗೆ ಬೀಳುವತನಕ ಓದಿದೆ.

"ಅವನೂ ಹಾಕಿದ್ನಾ," ಅಂದರು ಅಕ್ಕ. ಮುಖದಲ್ಲಿ ನಗು ಬಂದಿತ್ತು. "ಅಮೆರಿಕದಲ್ಲೂ ನನ್ನ ಹಾಗೆ ಒಬ್ಬ ಪೆದ್ದ ಇದ್ದಾನೆ. ಮತ್ತೆ? ಅವನಿಗೆ ಎಂತ ಆಯ್ತು?"

"ಹುಬ್ಬು ಸುಟ್ಟಿತು."

"ಅಷ್ಟೇಯಾ?"

ನಾನು ಸುಳ್ಳು ಹೇಳಬಹುದಿತ್ತು. "ಅಷ್ಟೇ ಅಕ್ಕ," ಅಂದೆ.

ಅವರು ಬಟ್ಟೆ ಸುತ್ತಿದ ಕೈಯನ್ನು ದಿಂಬಿನ ಮೇಲೆ ಸ್ವಲ್ಪ ಸರಿಸಿಕೊಂಡರು. ಆಮೇಲೆ, "ಮುಂದೆ ಓದು," ಅಂದರು. ಓದಿ ಮುಗಿಸಿದೆ. ಹುಬ್ಬಿಲ್ಲದ ಹುಡುಗನನ್ನು ನೋಡಿ ಅಜ್ಜಿ ಬಿದ್ದು ಬಿದ್ದು ನಕ್ಕು ಮದುವೆಗೆ ಒಪ್ಪುತ್ತಾಳೆ. ದೋಣಿಗಳಲ್ಲಿ ದಿಬ್ಬಣ. ಮೊಸಳೆಗೂ ಒಂದು ತಟ್ಟೆ ಊಟ.

ನಿಯಮದ ಪ್ರಕಾರ ಅಕ್ಕನ ಪ್ರತಿಕ್ರಿಯೆ ಬೇಕಿತ್ತು. ಫೋನಿನ ಗುಂಡಿ ಒತ್ತಿ ಹಿಡಿಯಲು ಅವರಿಗೆ ಆಗಲಿಲ್ಲ. ನಾನು ಒತ್ತಿ ಅವರ ಬಾಯಿಯ ಹತ್ತಿರ ಹಿಡಿದೆ.

"ಪುಸ್ತಕ ಒಳ್ಳೆದುಂಟು," ಅಂದರು. "ಕೊನೆಯತನಕ ನಗು ಬರ್ತದೆ. ಆದ್ರೆ ಒಂದು ವಿಷಯ. ಆ ಅಜ್ಜಿಯ ಕೈಯಲ್ಲಿ ಅಷ್ಟು ಕಲೆ. ಅಳಿಯಂದಿರ ಹೆಸರೆಲ್ಲ ಉಂಟು. ಸುಟ್ಟ ದಿನ ಅವಳಿಗೆ ಎಷ್ಟು ನೋವಾಯ್ತು, ಯಾರು ನೀರು ಹಾಕಿದ್ರು, ಯಾರು ಊಟ ಮಾಡಿಸಿದ್ರು, ಒಂದು ಸಾಲು ಇಲ್ಲ. ಮೊದಲು ಓದುವಾಗ ನಾನು ಸಹ ಕೇಳ್ಲಿಲ್ಲ. ನಗಾಡಿದ್ದು." ದಿಂಬಿನ ಮೇಲಿನ ಕೈಯನ್ನು ನೋಡಿದರು. "ಇದಕ್ಕೆ ಯಾರ ಹೆಸರು ಇಡುದು ಅಂತ ಯೋಚನೆ ಮಾಡ್ತಾ ಇದ್ದೇನೆ." ಆಮೇಲೆ ನನ್ನ ಕಡೆ ತಿರುಗಿ, ಫೋನಿಗಲ್ಲ, ನನಗೆ ಹೇಳಿದರು. "ನಿನ್ನದು ಇಡುದಿಲ್ಲ ಟೀಚರೇ. ಹೆದರ್ಬೇಡ."

ಅದೂ ಸೇರಿಯೇ ಗುಂಪಿಗೆ ಹೋಯಿತು. ಅವಾಲಿಯವಳು ಅದನ್ನು ಕೇಳಿ ನನಗೆ ಫೋನ್ ಮಾಡಿದಳು. ತನ್ನ ಪ್ರತಿ ಕಸಕ್ಕೆ ಹಾಕಿದ್ದನ್ನು ಅಕ್ಕನಿಗೆ ಹೇಳಬೇಡ ಎಂದು ಕೇಳಿ ಇಟ್ಟಳು.

ಅಕ್ಕ ನನ್ನ ಪ್ರತಿಯನ್ನೇ ಕೇಳಿ ತೆಗೆದುಕೊಂಡರು, ಆ ಶುಕ್ರವಾರ ಪುಟಕ್ಕೆ ಎಣ್ಣೆ ಸಿಡಿದಿದ್ದನ್ನು. ಎಡ ಕಂಕುಳಲ್ಲಿ ಇಟ್ಟುಕೊಂಡು ಗಂಡನ ಹಿಂದೆ ವಿಮಾನ ನಿಲ್ದಾಣದ ಒಳಗೆ ಹೋದರು. ಬೀಳ್ಕೊಳ್ಳಲು ಕೈ ಎತ್ತಲಿಲ್ಲ, ಗದ್ದ ಎತ್ತಿದರು.

ನಾವು ಬೇರೆ ಪುಸ್ತಕ ಹಿಡಿಯಲಿಲ್ಲ. ಗುಂಪು ಹಾಗೇ ಉಳಿದಿದೆ, ಹಬ್ಬದ ಶುಭಾಶಯಗಳು ಬರುತ್ತವೆ. ಚಳಿಗಾಲದ ಒಂದು ಬೆಳಿಗ್ಗೆ ಅದರಲ್ಲಿ ಅಕ್ಕನ ದನಿ ಬಂತು. ನಾನು ಆಫೀಸಿನ ಮೆಟ್ಟಿಲ ಮೇಲೆ ನಿಂತು ಕೇಳಿದೆ. ಎರಡು ಬೆರಳು ಮಡಚುತ್ತವಂತೆ. ಸೌಟು ಹಿಡಿಯಲು ಆಗುವುದಿಲ್ಲ, ಪುಟ ತಿರುವಬಹುದು. ಎಡಗೈಯ ಬೆರಳಿಟ್ಟು ಮೊದಲಿನಿಂದ ಓದುತ್ತಿದ್ದಾರಂತೆ, ನಿಧಾನ ಆಗುತ್ತದೆ. ಮಾತಿನ ಹಿಂದೆ ತಂಗಿಯ ಮನೆಯ ಸದ್ದು, ಪಾತ್ರೆ, ಕಾಗೆ. ನಂತರ ಯಾರೋ ಕಾವಲಿಗೆ ನೀರು ಚಿಮುಕಿಸಿದರು.

ಅಕ್ಕನ ಮಾತು ಅರ್ಧಕ್ಕೆ ನಿಂತಿತು. ಕುರ್ಚಿ ಸರಿದದ್ದು, ಬಾಗಿಲು ಕಿರುಗುಟ್ಟಿದ್ದು ಕೇಳಿತು. ಆಮೇಲೆ ಬಯಲಿನ ಗಾಳಿ.

"ಹೊರಗೆ ಬಂದೆ," ಅಂದರು. "ದೋಸೆ ಆಗುವವರೆಗೆ ಇಲ್ಲೇ ಕೂತ್ಕೊಳ್ಳುದು."