ಕುಮಗಾಯಿಯವರ ಹೊಲದ ಬಿಳುಪು

ಹಿಮವನ್ನು ಬೆಳ್ಳಗೆ ಮಾಡುವುದು ಹಿಸಾಎ ಅವರ ಕಸುಬು. ಜಪಾನಿನ ಹೊಕ್ಕೈದೊದ ಹಿಮಕ್ಕೆ ಬಿಳುಪಿನ ಬರವೇ ಎಂದು ಕೇಳುವವರು ನಾನು ತೆಗೆದ ಫೋಟೊಗಳನ್ನು ನೋಡಿಲ್ಲ. ಅಷ್ಟು ಬೆಳಕಿಗೆ ಬೆದರಿ ಕ್ಯಾಮೆರಾ ಎಲ್ಲವನ್ನೂ ಮಂಕು ಮಾಡಿಬಿಡುತ್ತದೆ. ನನ್ನ ಹಿಮ ಪಾತ್ರೆ ತೊಳೆದ ನೀರಿನ ಬಣ್ಣದ್ದು. ಹಿಸಾಎ ತಮ್ಮ ಸ್ಟುಡಿಯೊದ ಕಂಪ್ಯೂಟರಿನಲ್ಲಿ ಬೆಳಕು ಏರಿಸಿ, ನೀಲಿ ಇಳಿಸಿ ಅದನ್ನು ಮತ್ತೆ ಹಿಮ ಮಾಡಿಕೊಡುತ್ತಾರೆ. ಮರದ ನೆರಳಲ್ಲಿ ಮಾತ್ರ ಒಂದಿಷ್ಟು ನೀಲಿ ಬಿಡುತ್ತಾರೆ. "ಅದನ್ನೂ ತೆಗೆದ್ರೆ ಸುಣ್ಣ ಬಳಿದ ಗೋಡೆ ಆಗುತ್ತೆ" ಎನ್ನುತ್ತಾರೆ.

ಈ ಸಲ ರೈತರ ಸಂಘದ ಕ್ಯಾಲೆಂಡರು ಅವರ ಕೈಗೆ ಬಂದಿತ್ತು. ಸಂಜೆ ಅಚ್ಚಿಗೆ ಕಳಿಸಬೇಕು. ನಾನು ಸ್ಟುಡಿಯೊದ ಒಲೆಯ ಪಕ್ಕ ಪುಕ್ಕಟೆ ಚಹಾ ಕುಡಿಯುತ್ತಿದ್ದೆ. ಆಗ ಮಾರ್ಚಿ ತಿಂಗಳ ಪುಟ ನೋಡಲು, ಅದರಲ್ಲಿದ್ದ ಹೊಲದ ಯಜಮಾನ ಕುಮಗಾಯಿ ಬಂದರು. ನೋಡಿದವರೇ ಕೆಂಪಾದರು.

"ಹಿಸಾಎಸಾನ್, ನನ್ನ ಬೂದಿ ಎಲ್ಲಿ?"

"ಯಾವ ಬೂದಿ?"

"ಬಿಸಿಲು ಹೀರಿ ಹಿಮ ಬೇಗ ಕರಗ್ಲಿ ಅಂತ ಸಾಲು ಸಾಲಾಗಿ ಎರಚಿದ್ನಲ್ಲ, ಅದು! ಕೆಳಗೆ ನನ್ನ ಹೆಸರು ಬೇರೆ ಹಾಕಿದೀರಿ. ಎಲ್ರ ಅಡುಗೆಮನೇಲೂ ಇದು ತೂಗುತ್ತೆ. ಮಾರ್ಚಿ ಬಂದ್ರೂ ಕುಮಗಾಯಿ ಹೊದಿಕೆಯಿಂದ ಎದ್ದಿಲ್ಲ ಅಂತಾರೆ!"

"ಬೆಳ್ಳಗೆ ಚೆನ್ನಾಗಿದೆಯಲ್ಲ" ಎಂದೆ ನಾನು.

"ಹೌದೌದು, ನೀವು ಆಲೂಗೆಡ್ಡೆನೂ ಫೋಟೊದಲ್ಲೇ ಬೆಳೀತೀರೇನೋ!"

ನಾನು ಚಹಾಕ್ಕೆ ಮರಳಿದೆ.

ರೈತರು ಹಿಮಕ್ಕೆ ಬೂದಿ ಎರಚುವುದು ಹಿಸಾಎ ಅವರಿಗೆ ಗೊತ್ತಿಲ್ಲದ್ದಲ್ಲ. ಆದರೆ ಸಂಘದ ಗುಮಾಸ್ತ ತೆಗೆದ ಫೋಟೊದಲ್ಲಿ ಇಡೀ ಹೊಲವೇ ಮಬ್ಬಾಗಿತ್ತು. ಮಬ್ಬೆಲ್ಲ ಕ್ಯಾಮೆರಾದ್ದೇ ಎಂದುಕೊಂಡು ಒಂದೇ ಸಮ ತೊಳೆದುಬಿಟ್ಟಿದ್ದರು. ಈಗ ಮೂಲ ಫೋಟೊ ತೆರೆದು, ಹೊಲ ಬಿಟ್ಟು ಕಣಜದ ಮಾಡಿನ ಮೇಲಿನ ಹಿಮವನ್ನು ಅಳತೆಗೆ ಹಿಡಿದರು. ಅಲ್ಲಿಗೆ ಬೂದಿ ಹಾರಿರಲಿಲ್ಲ. ಅಲ್ಲಿಯ ಹಿಮ ಬೆಳ್ಳಗಾಗುವಷ್ಟೇ ಬೆಳಕು ಏರಿಸಿ ಕೈ ತೆಗೆದರು. ಕೆಳಗೆ ಬೂದಿಯ ಸಾಲುಗಳು ತಾವಾಗಿಯೇ ಎದ್ದುಬಂದವು.

ಕುಮಗಾಯಿಯವರ ಧ್ವನಿ ಮೆತ್ತಗಾಯಿತು. "ಇನ್ನೊಂಚೂರು ಕಪ್ಪು ಮಾಡಿ ತಾಯಿ. ಪಕ್ಕದ ಹೊಲದ ಒಗಸಾವರಾದು ನನ್ನದಕ್ಕಿಂತ ದಟ್ಟ ಇದೆ."

"ಅದನ್ನ ಹೊಲದಲ್ಲೇ ಮಾಡ್ಬೇಕಿತ್ತು."

"ಒಂಚೂರು?"

"ನೀವು ಎರಚಿದಷ್ಟೇ, ಕುಮಗಾಯಿಸಾನ್."

ಕುಮಗಾಯಿ ಪರದೆಗೆ ಮೂಗು ತಾಗುವಷ್ಟು ಬಾಗಿದರು. ಎಡಗಡೆಯ ಒಂದು ಸಾಲು ಹಾವಿನಂತೆ ಸೊಟ್ಟಗೆ ಹೋಗಿತ್ತು. ನನಗೂ ಕಂಡಿತು, ಆದರೆ ಈ ಸಲ ಇನ್ನೊಂದು ಲೋಟ ಚಹಾ ಬಗ್ಗಿಸಿಕೊಂಡೆ.

"ಇದನ್ನ ನೇರ ಮಾಡ್ಲಾ?" ಹಿಸಾಎ ಅವರೇ ಕೇಳಿದರು.

"ಬೇಡ ಬೇಡ" ಎಂದರು ಕುಮಗಾಯಿ. "ಅದನ್ನ ಎರಚಿದ ದಿನ ಬಿರುಗಾಳಿ. ಒಗಸಾವರಾ ಮನೆಯಿಂದ ಆಚೆ ಬರ್ಲಿಲ್ಲ. ಊರಿಗೆಲ್ಲ ಗೊತ್ತು."