ಬಚ್ಚಲ ಕಡೆಯ ಬಾಗಿಲನ್ನು ಮುಚ್ಚಿಸಿದ ಮಾವ

ಐದು ನಿಮಿಷ ಇರಿ, ಅರ್ಧಕ್ಕೆ ಬಿಟ್ಟು ಹೋಗಬೇಡಿ. ಒಂದೇ ಒಂದು ಬಾಗಿಲಿನ ವಿಷಯ ಇದು. ಆದರೆ ಆ ಬಾಗಿಲಿಂದ ಒಳಗೆ ಬಂದವರು ಯಾರು ಅಂತ ತಿಳಿಯಬೇಕಾದರೆ ಕೊನೆತನಕ ಕಾಯಲೇಬೇಕು.

ಮೊನ್ನೆ ನಿಟ್ಟೂರಿನಲ್ಲಿ ಗೆಳೆಯನ ಮನೆಯ ಹೊಸ ಗೋಡೆಗೆ ಪೈಪ್ ಹಿಡಿದು ನೀರು ಹೊಡೆಯುತ್ತಿದ್ದೆ. ಬಿಸಿಲಿಗೆ ಕಾದ ಕೆಂಪು ಕಲ್ಲಿಗೂ ಹಸಿ ಸಿಮೆಂಟಿಗೂ ನೀರು ಬಿದ್ದಾಗ ಒಂದು ವಾಸನೆ ಏಳುತ್ತದಲ್ಲ, ಅದು ಮೂಗಿಗೆ ಹತ್ತಿದ್ದೇ ತಡ, ನಮ್ಮ ಪಕ್ಕದ ಮನೆಯ ಮಾವ ನೆನಪಾದರು. ಪ್ರೀತಿಯಿಂದ ನೆನಪಾದರು ಅಂದುಕೊಳ್ಳಬೇಡಿ. ಮೈಯೆಲ್ಲ ಉರಿಯಿತು...

ಏಳು ವರ್ಷದ ಹಿಂದಿನ ಬೇಸಿಗೆ. ಸಾಗರದಿಂದ ಕೆಳದಿ ಕಡೆ ಹೋಗುವ ರಸ್ತೆಯಲ್ಲಿ ಒಳಕ್ಕೆ ತಿರುಗಿದರೆ ನಮ್ಮ ಮನೆ. ಒಂದು ಹಾಲ್, ಒಂದು ಅಡುಗೆಮನೆ, ಹಿಂದೆ ಬಚ್ಚಲು, ಅಷ್ಟೇ. ಅಕ್ಕ ಚೊಚ್ಚಲ ಹೆರಿಗೆಗೆ ಬರುವವಳಿದ್ದಳು. ಬಾಣಂತಿಗೂ ಮಗುವಿಗೂ ಬೆಚ್ಚಗೆ ಮಲಗಲು ಒಂದು ಕೋಣೆ ಬೇಕು, ಅದೂ ಮಳೆ ಹಿಡಿಯುವ ಮೊದಲು. ಬಚ್ಚಲಿಗೆ ಅಂಟಿದಂತೆ ಕೋಣೆ ಎಬ್ಬಿಸುವುದು ಅಂತ ತೀರ್ಮಾನವಾಯಿತು.

ಪ್ಲಾನ್ ಬರೆದವನು ನಾನು. ಯಾವ ಕಾಲೇಜೂ ನನಗೆ ಇದನ್ನು ಕಲಿಸಿಲ್ಲ. ಫೋನಿನಲ್ಲಿ ವಿಡಿಯೋ ನೋಡಿ, ಊರಲ್ಲಿ ಎಲ್ಲಿ ಮನೆ ಕಟ್ಟಿದರೂ ಹೋಗಿ ನಿಂತು, ಮೇಸ್ತ್ರಿಗಳ ಹತ್ತಿರ ಬೈಸಿಕೊಂಡು ಕಲಿತದ್ದು. ಕೋಣೆಯ ಬಾಗಿಲನ್ನು ಬಚ್ಚಲ ಕಡೆಗೇ ಇಟ್ಟಿದ್ದೆ. ಕಾರಣ ಸರಳ: ನಮ್ಮ ಕಡೆ ಬಾಣಂತಿಗೆ ದಿನಾ ಹಂಡೆಗಟ್ಟಲೆ ಬಿಸಿನೀರು ಹಾಕುತ್ತಾರೆ, ಆಮೇಲೆ ಗಾಳಿ ತಾಗದಂತೆ ಕರೆದುಕೊಂಡು ಹೋಗಿ ಹೊದಿಸಿ ಮಲಗಿಸುತ್ತಾರೆ. ಬಚ್ಚಲಿನಿಂದ ಎರಡು ಹೆಜ್ಜೆಗೆ ಹಾಸಿಗೆ ಇರಬೇಕು. ಅಡುಗೆಮನೆಯ ಗೋಡೆ ಹಳೇ ಮಣ್ಣಿನದು, ಅದನ್ನು ಕೊರೆಯುವ ಹಾಗಿರಲಿಲ್ಲ. ಹಾಗಾಗಿ ಇದ್ದ ದಾರಿ ಅದೊಂದೇ.

ಅಪ್ಪ ತೀರ್ಥಹಳ್ಳಿ ಬಸ್ಸಿನ ಕಂಡಕ್ಟರ್. ಬೆಳಿಗ್ಗೆ ಆರಕ್ಕೆ ಹೋದರೆ ಬರುವುದು ಸಂಜೆಗೇ. ಅಪ್ಪ ಇಲ್ಲದ ಹೊತ್ತಲ್ಲಿ ಯಜಮಾನಿಕೆ ವಹಿಸಿಕೊಳ್ಳಲು ಪಕ್ಕದ ಮನೆಯ ಮಾವ ಒಂಬತ್ತಕ್ಕೆ ಸರಿಯಾಗಿ ಬರುತ್ತಿದ್ದರು. ಕೊಡೆ, ಎಲೆ ಅಡಿಕೆ ಚೀಲ, ಕುಳಿತುಕೊಳ್ಳಲು ಅವರದೇ ಪ್ಲಾಸ್ಟಿಕ್ ಕುರ್ಚಿ. ನೆರಳು ಸರಿದಂತೆ ಕುರ್ಚಿಯೂ ಸರಿಯುತ್ತಿತ್ತು. ಸಂಬಂಧಿಕರೇನಲ್ಲ, ಅಮ್ಮ ಅವರನ್ನು ಅಣ್ಣ ಅನ್ನುತ್ತಿದ್ದಳು, ಹಾಗಾಗಿ ನಮಗೆ ಮಾವ. ಇಂಜಿನಿಯರ್ ಆಫೀಸೊಂದರಲ್ಲಿ ಕಾಗದ ಟೈಪು ಮಾಡಿ ನಿವೃತ್ತರಾದವರು. ಮಾತು ಕೇಳಿದರೆ ಶಿವಮೊಗ್ಗ ಜಿಲ್ಲೆಯ ಸೇತುವೆಗಳನ್ನೆಲ್ಲ ತಲೆ ಮೇಲೆ ಹೊತ್ತು ನಿಲ್ಲಿಸಿದವರ ಹಾಗೆ.

"ಎಂತದಾ ಇದು, ಗಾರೆನಾ ಗಂಜಿನಾ?" ಅಂತ ಮೇಸ್ತ್ರಿಯನ್ನು ಕೇಳುವುದು. ಮೇಸ್ತ್ರಿ ನೀರು ಕಡಿಮೆ ಮಾಡಿದರೆ, "ಇದೇನು, ಅವಲಕ್ಕಿ ಕಲಸ್ತಿದೀಯಾ?" ಅನ್ನುವುದು. ಒಂದು ದಿನವೂ ಒಂದು ಕಲ್ಲು ಎತ್ತಿಕೊಟ್ಟವರಲ್ಲ. ಬಾವಿಯ ನೀರು ತಳ ಕಂಡಿತ್ತು, ನಾನೂ ಅಮ್ಮನೂ ಕೊಡಪಾನದಲ್ಲಿ ಹೊತ್ತು ಗೋಡೆ ನೆನೆಸುತ್ತಿದ್ದೆವು. ಇವರು ಮಧ್ಯಾಹ್ನ ನಮ್ಮನೆಯ ಮಜ್ಜಿಗೆಯನ್ನೇ ಎರಡು ಲೋಟ ಕುಡಿದು, "ಮೇಲಿನ ಸಾಲಿಗೆ ನೀರು ಸಾಲ್ದು" ಅನ್ನುತ್ತಿದ್ದರು. ನನ್ನ ಪ್ಲಾನನ್ನು ಒಂದು ಸಲ ಕೈಗೆ ಕೊಟ್ಟೆ. ನೋಡಿದರು, ತಿರುಗಿಸಿ ನೋಡಿದರು, ಆಮೇಲೆ ಬೆರಳಿಗೆ ಹತ್ತಿದ್ದ ಸುಣ್ಣವನ್ನು ಅದಕ್ಕೇ ಒರೆಸಿ ವಾಪಸು ಕೊಟ್ಟರು!

ಇದನ್ನೆಲ್ಲ ನಾವು ಯಾಕೆ ಸಹಿಸಿಕೊಂಡೆವು? ಅವರ ಹೆಂಡತಿ, ಅಂದರೆ ಅತ್ತೆ, ನಮ್ಮ ಬೀದಿಯ ಬಾಣಂತಿಯರಿಗೆಲ್ಲ ನೀರು ಹಾಕುವವರು. ಎಣ್ಣೆ ತಿಕ್ಕಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಮೀಯಿಸುವ ಅವರ ಕೈ ಬೇರೆ ಯಾರಿಗೂ ಇರಲಿಲ್ಲ. ಅಮ್ಮನ ಮಣಿಕಟ್ಟಿಗೆ ಆಗಲೇ ನೋವು, ತಂಬಿಗೆ ಎತ್ತಿದರೂ ನಡುಗುತ್ತಿತ್ತು. ಅತ್ತೆ ಬರದಿದ್ದರೆ ಅಕ್ಕನ ಬಾಣಂತನ ನಡೆಯುವ ಹಾಗೇ ಇರಲಿಲ್ಲ. ಅದಕ್ಕೇ ಮಾವನ ಮಾತಿಗೆ ಎಲ್ಲರದೂ ಹೂಂ.

ಒಂದು ದಿನ ಹೊಸನಗರದ ಹತ್ತಿರ ಹಳೇ ಮನೆಯೊಂದನ್ನು ಕೆಡವುತ್ತಿದ್ದಾರೆ ಅಂತ ಗೊತ್ತಾಗಿ, ಕೋಣೆಯ ಮಾಡಿಗೆ ತೊಲೆ ಮರ ತರಲು ಅಪ್ಪನ ಬಸ್ಸಿನಲ್ಲೇ ಹೋದೆ. ಸಂಜೆ ಮರದ ಜೊತೆ ಬಂದು ನೋಡುತ್ತೇನೆ, ಬಾಗಿಲಿಗೆ ಬಿಟ್ಟ ಜಾಗ ಇಲ್ಲ! ಕಲ್ಲು ಕೂರಿಸಿ, ತಲೆಮಟ್ಟಕ್ಕಿಂತ ಮೇಲೆ ಎಬ್ಬಿಸಿದ್ದಾರೆ. ಚೌಕಟ್ಟು ಪೂರ್ವದ ಗೋಡೆಗೆ ಹೋಗಿ ಅಂಗಳ ನೋಡುತ್ತ ನಿಂತಿದೆ.

"ಬಚ್ಚಲಿಗೆ ಮುಖ ಮಾಡಿದ ಬಾಗ್ಲು ಬಾಣಂತಿಗೆ ಆಗಿಬರಲ್ಲ. ಪೂರ್ವಕ್ಕೆ ಇಡ್ಸಿದೀನಿ" ಅಂದರು ಮಾವ, ಕುರ್ಚಿ ಎತ್ತಿಕೊಳ್ಳುತ್ತ.

"ಮಳೇಲಿ ಅಕ್ಕ ಮನೆ ಸುತ್ತ ಹಾಕಿ ಬಚ್ಚಲಿಗೆ ಹೋಗ್ಬೇಕಾ ಮಾವ?"

"ಕೊಡೆ ಇಲ್ವೇನೋ ನಿಮ್ಮನೇಲಿ?"

ಹಸಿ ಬಾಣಂತಿ, ತಲೆಗೆ ನೀರು ಹಾಕಿಸಿಕೊಂಡು, ಜೂನ್ ತಿಂಗಳ ಗಾಳಿ ಮಳೆಯಲ್ಲಿ ಕೊಡೆ ಹಿಡಿದು ಅಂಗಳ ದಾಟಬೇಕು. ಇದು ಸೇತುವೆ ಕಟ್ಟಿದವರ ಬುದ್ಧಿ. ಅಪ್ಪ ಬಂದು ನೋಡಿ, ಟೋಪಿ ತೆಗೆದು, "ಅವರು ಹೇಳಿದ ಮೇಲೆ..." ಅಂದು ಕೈಕಾಲು ತೊಳೆಯಲು ಹೋದರು.

ನಾನು ಮೇಸ್ತ್ರಿಯನ್ನು ಹಿಡಿದುಕೊಂಡೆ. ಅವರು ಆಚೀಚೆ ನೋಡಿ, ದನಿ ತಗ್ಗಿಸಿ, "ನಂಗೆ ಆ ಬಾಯಿಗೆ ಬೀಳಕ್ಕಾಗಲ್ಲ ಮಾರಾಯ. ನೀನೇ ಮಾಡು. ಮೇಲಿನ ಸಾಲು ಮುಟ್ಬೇಡ. ಈ ಕಡೆಯಿಂದ ಗೋಡೆಯ ಅರ್ಧ ದಪ್ಪಕ್ಕೆ ಕೊರೆದು, ಮೇಲಿನ ಭಾರ ಹೊರಕ್ಕೆ ಒಂದು ಅಡ್ಡ ಮರ ಕೂರ್ಸು, ಗಾರೆ ಬಿಗಿಯಾದ್ಮೇಲೆ ಆ ಕಡೆಯಿಂದ ಇನ್ನೊಂದು. ಎರಡೂ ಕೂತ ಮೇಲೇ ಕೆಳಗಿನ ಕಲ್ಲು ತೆಗಿ" ಅಂದರು.

ಎರಡು ಮರಗಳನ್ನೂ ಮಾವನ ಮಧ್ಯಾಹ್ನದ ನಿದ್ದೆಯ ಹೊತ್ತಲ್ಲಿ ಕೂರಿಸಿದೆ. ಮೇಲೆ ಗಾರೆ ಮೆತ್ತಿದೆ. ಜಿಲ್ಲೆಯ ಸೇತುವೆಗಳ ಒಡೆಯ ದಿನಾ ಅದರೆದುರೇ ಕೂತರೂ ಕಣ್ಣಿಗೆ ಬೀಳಲಿಲ್ಲ. ಸೋಮವಾರ ಅವರು ಕೆಳದಿ ದೇವಸ್ಥಾನಕ್ಕೆ ಹೋದ ಬೆಳಿಗ್ಗೆ ಕೆಳಗಿನ ಕಲ್ಲುಗಳನ್ನು ಒಂದೊಂದಾಗಿ ಬಿಡಿಸಿದೆ. ಮೇಲಿನದು ಒಂದು ಕಲ್ಲೂ ಅಲುಗಲಿಲ್ಲ. ಪೂರ್ವದ ಬಾಗಿಲನ್ನು ಮುಟ್ಟಲಿಲ್ಲ. ನನ್ನ ಜೀವನದ ಮೊದಲ ಸರಿಯಾದ ಕೆಲಸ ಅದು, ಹೇಳಿಕೊಳ್ಳಲು ನಾಚಿಕೆ ಇಲ್ಲ.

ಹಣೆಗೆ ಕುಂಕುಮ ಇಟ್ಟುಕೊಂಡು ಮಾವ ಬಂದರು. ನೋಡಿದರು.

"ತಂಗಿ, ನಿನ್ ಮಗ ಇಂಜಿನಿಯರ್ ಆದ್ನಾ?"

ಅಮ್ಮ ಅದುವರೆಗೆ ಅವರಿಗೆ ಎದುರಾಡಿದವಳಲ್ಲ. ಕೊಡಪಾನ ಕೆಳಗಿಟ್ಟಳು. "ಅಣ್ಣ, ನೀವು ಎಷ್ಟು ಸಲ ಹೆತ್ತಿದೀರಿ?"

ಮೇಸ್ತ್ರಿ ಗೋಡೆ ಕಡೆ ತಿರುಗಿಕೊಂಡು ಕೆಮ್ಮಿದರು. ಮಾವನ ಮುಖ ನಮ್ಮ ಕಲ್ಲಿಗಿಂತ ಕೆಂಪಾಯಿತು. "ಹಂಗಾ? ಹಂಗಾದ್ರೆ ನಿನ್ ಅತ್ತಿಗೆ ಈ ಮನೆ ಮೆಟ್ಲು ಹತ್ತಲ್ಲ, ನೆನಪಿಟ್ಕೊ." ಕುರ್ಚಿ ಎತ್ತಿಕೊಂಡು ಹೋದರು.

ಬಾಗಿಲು ಉಳಿಯಿತು, ಬಾಣಂತಿಗೆ ನೀರು ಹಾಕುವ ಕೈ ಹೋಯಿತು. ಅಮ್ಮ ಕೊಡಪಾನ ಎತ್ತಿಕೊಂಡು ಮತ್ತೆ ಬಾವಿಗೆ ಹೋದಳು. ನನಗೆ ಬೈದಿದ್ದರೇ ಚೆನ್ನಾಗಿತ್ತು...

ಮಾಡಿಗೆ ಹೆಂಚು ಹೊದಿಸಿದ ವಾರಕ್ಕೇ ಮಳೆ ಹಿಡಿಯಿತು. ಅಕ್ಕ ಹೆಣ್ಣು ಮಗುವನ್ನು ಹೆತ್ತು ಆಸ್ಪತ್ರೆಯಿಂದ ಬಂದಳು. ಮೊದಲ ನೀರಿನ ದಿನ ಅಮ್ಮ ಹಂಡೆಗೆ ಬೆಂಕಿ ಹಾಕಿ, ತನ್ನ ಮಣಿಕಟ್ಟು ಒತ್ತಿಕೊಳ್ಳುತ್ತ ಕೂತಿದ್ದಳು. ಹಿತ್ತಲ ಬೇಲಿಯ ಹತ್ತಿರ ಸದ್ದಾಯಿತು. ಮಳೆಗೆ ತಲೆ ಮೇಲೆ ಮಡಚಿ ಹಾಕಿದ ಗೋಣಿ ಕೊಪ್ಪೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೇಲಿಯ ಸಂದಿಯಲ್ಲಿ ನುಸುಳಿ ಅತ್ತೆ ಹಿಂದಿನಿಂದ ನೇರ ಬಚ್ಚಲಿಗೆ ಬಂದರು.

"ಅಣ್ಣಂಗೆ ಗೊತ್ತಾದ್ರೆ?" ಅಂದಳು ಅಮ್ಮ.

"ಮೆಟ್ಲು ಹತ್ತಬೇಡ ಅಂದಿದಾರೆ. ಇಲ್ಲೆಲ್ಲಿದೆ ಮೆಟ್ಲು? ನೀರು ಕಾದಿದ್ಯಾ, ಬಾ" ಅಂದವರೇ, ನಾನು ಕೊರೆದ ಬಾಗಿಲಿಂದ ಒಳಗೆ ಹೋಗಿ ಅಕ್ಕನ ಕೈ ಹಿಡಿದು ಎಬ್ಬಿಸಿದರು. ಮುಂದಿನ ಅಂಗಳಕ್ಕೆ ಬಂದಿದ್ದರೆ ತಮ್ಮ ಮನೆ ಜಗಲಿಯಲ್ಲಿ ಕೂತ ಮಾವನ ಕಣ್ಣೆದುರೇ ಬರಬೇಕಿತ್ತು. ಈ ಬಾಗಿಲು ಅವರಿಗೆ ಕಾಣುತ್ತಿರಲಿಲ್ಲ.

ನಲವತ್ತು ದಿನ ಹಾಗೆಯೇ ಬಂದರು. ಮಾವನಿಗೆ ಗೊತ್ತಿರಲಿಲ್ಲ ಅಂತೀರಾ? ಹೆಂಡತಿ ದಿನಾ ಒದ್ದೆ ಸೀರೆಯಲ್ಲಿ, ಎಣ್ಣೆ ಅರಿಶಿನದ ಕೈಯಲ್ಲಿ ವಾಪಸು ಬಂದರೆ ಯಾವ ಗಂಡನಿಗೆ ತಿಳಿಯುವುದಿಲ್ಲ? ಗೊತ್ತಿದ್ದೂ ರಸ್ತೆ ನೋಡುತ್ತ ಕೂತಿರುತ್ತಿದ್ದರು. ಅದು ಅವರ ದೊಡ್ಡತನ ಅಂತ ಅಮ್ಮ ಇವತ್ತಿಗೂ ಹೇಳುತ್ತಾಳೆ. ನಾನು ಒಪ್ಪುವುದಿಲ್ಲ. ದೊಡ್ಡತನ ಇದ್ದವರು ಎದ್ದು ಬಂದು ತಪ್ಪಾಯಿತು ಅನ್ನುತ್ತಿದ್ದರು. ಇವರು ಸೋಲನ್ನು ಜಗಲಿಯಲ್ಲಿ ಕೂತು ಅಗಿದರು, ಅಷ್ಟೇ. ನಮ್ಮ ಮನೆಗೆ ಮತ್ತೆ ಬರಲೇ ಇಲ್ಲ. ಎರಡು ವರ್ಷದ ಹಿಂದೆ ಅದೇ ಜಗಲಿಯಲ್ಲಿ, ಊಟ ಮುಗಿಸಿ ಒರಗಿದವರು ಏಳಲಿಲ್ಲ. ಹೆಗಲು ಕೊಡಲು ನಾನೂ ಹೋಗಿದ್ದೆ. ಹಗುರ ಇದ್ದರು. ಇಷ್ಟೇ ಇದ್ದರಾ ಅನ್ನಿಸಿತು...

ಈಗ ಅಕ್ಕನ ಮಗಳು ಬೇಸಿಗೆ ರಜೆಗೆ ಬಂದಿದ್ದಾಳೆ. ನಿನ್ನೆ ಅತ್ತೆಯ ಮನೆಯಲ್ಲಿ ಗೋಡೆಗೆ ಹಾಕಿದ ಫೋಟೋ ನೋಡಿ ಬಂದು, "ಮಾಮ, ಆ ಅಜ್ಜಂಗೆ ನನ್ ಹೆಸ್ರು ಗೊತ್ತಿತ್ತಾ?" ಅಂತ ಕೇಳಿದಳು. ಐದು ವರ್ಷ ಆ ಮನುಷ್ಯ ಬೇಲಿಯಾಚೆ ಇದ್ದರು. ರಜೆಗೆ ಬಂದ ಈ ಮಗುವನ್ನು ಒಂದು ಸಲ ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ನಾನೂ ಒಂದು ಸಲ ಎತ್ತಿಕೊಂಡು ಹೋಗಿ ತೋರಿಸಲಿಲ್ಲ.

"ಗೊತ್ತಿತ್ತು ಮಾರಾಯ್ತಿ" ಅಂದೆ. ಗೊತ್ತಿತ್ತೋ ಇಲ್ಲವೋ, ಇನ್ನು ಅವರನ್ನೇ ಕೇಳುವ ಹಾಗಿಲ್ಲ.

ನಿಮ್ಮನೆ ಕಟ್ಟುವಾಗಲೂ ಇಂಥವರೊಬ್ಬರು ಕುರ್ಚಿ ತಂದು ಕೂತಿದ್ದರೆ, ಏನು ಒಡೆಸಿದರು, ಏನು ಮುಚ್ಚಿಸಿದರು, ಆಮೇಲೆ ಅವರೊಂದಿಗೆ ಮಾತು ಉಳಿಯಿತೋ ಇಲ್ಲವೋ, ಕೆಳಗೆ ಬರೆಯಿರಿ. ಅವರು ಇನ್ನೂ ಇದ್ದಾರೆ ಅಂತಾದರೆ, ಅದನ್ನೂ ಬರೆಯಿರಿ.