ಒಂದೇ ಗುಡ್ಡದ ಮರಗಳು

ಎಣ್ಣೆ ಪರೀಕ್ಷೆಯ ಕೋಣೆಯಲ್ಲಿ ಅವರಿಗೆ ಮೂಗಣ್ಣ ಎಂದೇ ಹೆಸರು. ಜುನಿಪರ್ ಮರದ ಸೂಜಿಯಂಥ ಎಲೆಗಳಿಂದ ಎಣ್ಣೆ ಬಟ್ಟಿ ಇಳಿಸಿ, ಅದರಲ್ಲಿ ಏನೇನಿದೆ ಎಂದು ಪತ್ತೆ ಹಚ್ಚುವುದು ಅವರ ಕೆಲಸ. ಯಾರಾದರೂ ಎರಡು ಮರಗಳ ಎಲೆಯನ್ನು ಒಂದೇ ಚೀಲಕ್ಕೆ ತುಂಬಿದರೆ ಅವತ್ತಿಡೀ ಮುಖ ಗಂಟು ಹಾಕಿಕೊಂಡಿರುತ್ತಾರೆ. ಪರೀಕ್ಷೆಯ ಯಂತ್ರ ಬಾಯಿ ಬಿಡುವ ಮೊದಲೇ ಸೀಸೆಯ ಬಿರಡೆ ತೆಗೆದು, ಕಣ್ಣು ಮುಚ್ಚಿ ಮೂಸಿ, "ಇದು ನಿಂಬೆ ಕಡೆಯದು, ಇದು ಟರ್ಪೆಂಟೈನ್ ಕಡೆಯದು, ಇದಕ್ಕೆ ಸ್ವಲ್ಪ ಕರ್ಪೂರದ ಜಂಬ" ಎಂದು ನೆಂಟರ ಗುಣ ಹೇಳಿದಂತೆ ಹೇಳುತ್ತಾರೆ. ಎಲ್ಲ ಸೀಸೆಯೂ ಒಂದೇ ಥರ ಇರಲಿ ಎನ್ನುವ ವ್ಯಾಪಾರಿಗಳನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ. "ಒಂದೇ ಗುಡ್ಡ, ಒಂದೇ ಮಣ್ಣು, ನಿಜ. ಹಾಗಂತ ಪಕ್ಕದ ಮರದ ಥರಾನೇ ಇದು ಯಾಕಿರ್ಬೇಕು ಸ್ವಾಮಿ? ಅದರ ಸ್ವಭಾವ ಅದಕ್ಕೆ" ಎಂದು ಪಾಠ ಹೇಳಿ ಕಳಿಸುತ್ತಾರೆ. ಸಂಜೆ ಮನೆಗೆ ಬಂದು, ಎಷ್ಟು ತೊಳೆದರೂ ವಾಸನೆ ಹೋಗದ ಆ ಕೈಯಲ್ಲೇ ಚಿಕ್ಕ ಮಗಳ ಗಲ್ಲ ಹಿಡಿದು, "ಒಂದೇ ಮನೇಲಿ ಬೆಳೀತಿದೀರಿ, ನಿಮ್ಮಕ್ಕನ್ನ ನೋಡಿ ಕಲೀಬಾರ್ದಾ?" ಎನ್ನುತ್ತಾರೆ. ಅವಳು ಆ ಕೈಯನ್ನು ಒಮ್ಮೆ ಮೂಸಿ, "ಇವತ್ತು ಬೇರೆ ಮರ, ಅಲ್ವಾ ಅಪ್ಪಾ?" ಎಂದು ಕೇಳುತ್ತಾಳೆ. ಅಕ್ಕನಿಗೆ ಅದು ಒಂದು ದಿನವೂ ಗೊತ್ತಾಗಿಲ್ಲ.